ಎಲ್ ಪಾಸೊ: ಮೆಕ್ಸಿಕೊದವರ ಫೀಸು ನಮಗೂ ಸಿಗುತ್ತಾ?

ಪ್ರಶ್ನೆ (ವಿರಾಜಪೇಟೆ): ಮಗಳಿಗೆ ಟೆಕ್ಸಾಸ್ ಗಡಿಯ ಎಲ್ ಪಾಸೊದಲ್ಲಿ ಎಂಎಸ್ ಸೀಟು ಸಿಕ್ಕಿದೆ. ಅಲ್ಲಿ ಮೆಕ್ಸಿಕೊ ಮಕ್ಕಳಿಗೆ ಸ್ಥಳೀಯರ ಫೀಸೇ ಅಂತೆ. ನಮಗೂ ಉಂಟಾ?

ಉತ್ತರ: ಇಲ್ಲ ಸರ್. ಅದು ಆರ್ಥಿಕ ಅಗತ್ಯ ತೋರಿಸಿದ ಮೆಕ್ಸಿಕೊ ಪೌರರಿಗೆ ಮಾತ್ರ. ಆದರೆ ಸ್ಥಳೀಯರ ಜತೆ ಸ್ಪರ್ಧಿಸಿ ವಿವಿಯಿಂದಲೇ ವರ್ಷಕ್ಕೆ ಕನಿಷ್ಠ 1,000 ಡಾಲರ್ ಸ್ಕಾಲರ್‌ಶಿಪ್ ಗಿಟ್ಟಿಸಿದರೆ ವಿದೇಶಿಯರಿಗೂ ಸ್ಥಳೀಯ ದರ ಸಿಗಬಹುದು. ಹೊರಗಿನ ಟ್ರಸ್ಟಿನ ಹಣ ಲೆಕ್ಕಕ್ಕಿಲ್ಲ.

ಉತ್ತರ: ಟಿಎ (ಬೋಧನಾ ಸಹಾಯಕ), ಆರ್‌ಎ (ಸಂಶೋಧನಾ ಸಹಾಯಕ) ಕೆಲಸದಿಂದಲೂ ಸ್ಥಳೀಯ ದರ ಸಿಗುತ್ತೆ. ವಾರಕ್ಕೆ 20 ಗಂಟೆ, ಓದುವ ವಿಷಯಕ್ಕೇ ಸಂಬಂಧಿಸಿರಬೇಕು; 10 ಗಂಟೆಯ ಹುದ್ದೆ ಸಾಲದು. ರಿಯಾಯಿತಿಗೆ ಮೊದಲೇ ಐ-20 (ವೀಸಾಕ್ಕಾಗಿ ವಿವಿ ಕೊಡುವ ಪತ್ರ) ಬಂದಿದ್ದರೆ ಅದರಲ್ಲಿ ಪೂರ್ತಿ ಫೀಸು ಇರುತ್ತೆ, ವೀಸಾಕ್ಕೆ ಅಷ್ಟೂ ಹಣ ತೋರಿಸಬೇಕು. ತಿದ್ದಿಸಿಕೊಳ್ಳಿ.

ಉತ್ತರ: ಸಾಲಕ್ಕೆ ತೋಟ ಅಡ ಇಡೋದಾದರೆ ಆರ್‌ಟಿಸಿ ಈಗಲೇ ನೋಡಿ. ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಜಮೀನು) ಇನ್ನೂ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ ಹೆಸರಲ್ಲಿದ್ದರೆ ಬ್ಯಾಂಕಿನವರು ತಕರಾರು ತೆಗೀತಾರೆ.