ಕಮೊಡೋರ್ 64: ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು

ಹಳೇಕೀಲಿಮಣೆ: ಎಷ್ಟೋ ವರ್ಷ ಅಟ್ಟದಲ್ಲಿದ್ದ ಕಮೊಡೋರ್ 64 ಹೋಮ್ ಕಂಪ್ಯೂಟರ್ ಕೆಳಗಿಳಿಸಿದೆ. ಸ್ವಿಚ್ ಹಾಕಿದರೆ ಕೆಂಪು ದೀಪ ಉರಿಯುತ್ತದೆ, ಪರದೆ ಪೂರ್ತಿ ಕಪ್ಪು. ನಾಲ್ಕೈದು ಸಲ ಆನ್ ಆಫ್ ಮಾಡಿದೆ, ಅದೇ ಕಥೆ. ಯಾವಾಗ ಯಾವ ಚಿಪ್ ಕೆಲಸ ಮಾಡಬೇಕೆಂದು ನಿರ್ಧರಿಸುವ ಪಿಎಲ್‌ಎ ಚಿಪ್ ತರಿಸಲಾ?

ಬೆಸುಗೆಗಾರ: ತರಿಸಿ. ನಾನು ರಿಪೇರಿ ಮಾಡಿದ ಮೂರು ಕಪ್ಪು ಪರದೆಗಳಲ್ಲಿ ಎರಡಕ್ಕೆ ಪಿಎಲ್‌ಎ ಕಾರಣ. ಹಾಗೇ ಕೆಪಾಸಿಟರ್‌ಗಳನ್ನೂ ಬದಲಿಸಿಬಿಡಿ. 1982ರಲ್ಲಿ ಬಂದ ಮಾಡೆಲ್ ಅಲ್ವಾ, ಎಲ್ಲ ಒಣಗಿರುತ್ತವೆ.

ಮೀಟರ್‌ಮೊದಲು: ಇನ್ನೊಂದು ಸಲ ಆನ್ ಮಾಡಬೇಡಿ, ದಯವಿಟ್ಟು. ಮೊದಲು ಆ ಭಾರದ ಅಡಾಪ್ಟರ್ ಕಿತ್ತು ಪಕ್ಕಕ್ಕಿಡಿ. ಅದರಿಂದ 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ ಎರಡೂ ಬರುತ್ತವೆ. ಡಿಸಿ ಕಡೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ವಯಸ್ಸಾಗಿ ಕೆಟ್ಟಾಗ ವೋಲ್ಟೇಜ್ ನಿಲ್ಲುವ ಬದಲು ಏರಿಬಿಡುವುದುಂಟು. ಆ ಹೊಡೆತ ಹೆಚ್ಚಾಗಿ ಮೊದಲು ಬೀಳುವುದು ರ‍್ಯಾಮ್ ಮೇಲೆ. ಹೊಸ ಪಿಎಲ್‌ಎ ಹಾಕಿ ಅದೇ ಅಡಾಪ್ಟರ್ ಚುಚ್ಚಿದರೆ ಹೊಸದನ್ನೂ ಕಳೆದುಕೊಳ್ಳುತ್ತೀರಿ.

ಬೆಸುಗೆಗಾರ: ಅಡಾಪ್ಟರ್ ಕೆಟ್ಟಿದ್ದರೆ ದೀಪ ಹೇಗೆ ಉರಿಯಿತು?

ಮೀಟರ್‌ಮೊದಲು: ದೀಪ 5 ವೋಲ್ಟ್ ದಾರಿಯಲ್ಲಿದೆ. ಅಲ್ಲಿ 7 ಬಂದರೂ ಅದು ಉರಿಯುತ್ತದೆ. ದೀಪ ನೋಡಿ ಸರಬರಾಜು ಸರಿ ಇದೆ ಅನ್ನುವ ಹಾಗಿಲ್ಲ. 9 ವೋಲ್ಟ್ ಎಸಿಗೆ ಬೋರ್ಡ್ ಮೇಲೆ ಬೇರೆ ಗಾಜಿನ ಫ್ಯೂಸ್ ಇದೆ. ಹಳೆಯ ಬೋರ್ಡ್‌ಗಳಲ್ಲಿ ಚಿತ್ರದ ಚಿಪ್‌ಗೂ ಸಿಡ್ ಎಂಬ ಧ್ವನಿಯ ಚಿಪ್‌ಗೂ ಬೇಕಾದ 12 ವೋಲ್ಟ್ ಹುಟ್ಟುವುದು ಅಲ್ಲಿಂದಲೇ. ಆ ಫ್ಯೂಸ್ ಹೋದರೂ ದೀಪ ಉರಿಯುತ್ತದೆ, ಚಿತ್ರ ಬರುವುದಿಲ್ಲ. ಅದನ್ನೂ ನೋಡಿ.

ತಾಮ್ರದಗೆರೆ: ಕೆಪಾಸಿಟರ್ ವಿಷಯಕ್ಕೆ ನನ್ನ ತಕರಾರಿದೆ. ಎಲ್ಲ ಬದಲಿಸಿ ಅನ್ನುವ ಮಾತು ಕಮೊಡೋರ್‌ನದೇ ಆಮೇಲಿನ ಕಂಪ್ಯೂಟರ್‌ಗಳಾದ ಅಮಿಗಾ 600, 1200 ರಿಪೇರಿ ಮಾಡುವವರಿಂದ ಬಂದಿದೆ. ಅವುಗಳ ಪುಟ್ಟ ಸರ್ಫೇಸ್ ಮೌಂಟ್ ಕೆಪಾಸಿಟರ್‌ಗಳು ಸೋರಿ ತಾಮ್ರವನ್ನೇ ತಿನ್ನುತ್ತವೆ, ಅಲ್ಲಿ ಬದಲಿಸಲೇಬೇಕು. 64ರ ಬೋರ್ಡ್‌ನಲ್ಲಿರುವವು ಉದ್ದ ಕಾಲಿನ ಹಳೇ ಮಾದರಿ, ಬಹಳಷ್ಟು ಇವತ್ತಿಗೂ ಗಟ್ಟಿಯಾಗಿವೆ. ಸುಮ್ನೆ ಬಿಸಿ ಮಾಡಿ ಪ್ಯಾಡ್ (ಕಾಲು ಬೆಸೆದಿರುವ ತಾಮ್ರದ ಬಿಲ್ಲೆ) ಎಬ್ಬಿಸಿದರೆ ಇಲ್ಲದ ದೋಷ ಹುಟ್ಟುತ್ತದೆ.

ಬೆಸುಗೆಗಾರ: ಸರಿ, ಉಬ್ಬಿದ್ದು, ಸೋರಿದ್ದು ಕಂಡರೆ ಮಾತ್ರ ಬದಲಿಸಲಿ. ಪಿಎಲ್‌ಎ ಬಗ್ಗೆ ನನ್ನ ಮಾತು ಬಿಡುವುದಿಲ್ಲ.

ಹಳೇಕೀಲಿಮಣೆ: ಅಳೆದೆ. ಫ್ಯೂಸ್ ಚೆನ್ನಾಗಿದೆ. 5 ಇರಬೇಕಾದ ಕಡೆ 6.8 ತೋರಿಸಿತು! ಅಡಾಪ್ಟರ್ ಒಳಗೆ ಎಪಾಕ್ಸಿ ತುಂಬಿದೆ, ಬಿಚ್ಚುವ ಹಾಗಿಲ್ಲ. ಹೊಸದು ತಂದೆ, 5.05 ಬರುತ್ತಿದೆ. ಪರದೆ ಇನ್ನೂ ಕಪ್ಪು.

ಮೀಟರ್‌ಮೊದಲು: ಈಗ ರ‍್ಯಾಮ್ ನೋಡೋಣ. 4164 ಎಂಬ ಮೆಮೊರಿ ಚಿಪ್‌ಗಳು ಎಂಟು. ಒಂದು ಎಚ್ಚರ: ಇವುಗಳಲ್ಲಿ 8ನೇ ಕಾಲು 5 ವೋಲ್ಟ್, 16ನೇದು ಗ್ರೌಂಡ್. ಪಕ್ಕದ 74 ಸರಣಿಯ 16 ಕಾಲಿನ ಚಿಪ್‌ಗಳಲ್ಲಿ ಇದು ಉಲ್ಟಾ. ಎರಡು ನಿಮಿಷ ಆನ್ ಇಟ್ಟು ಒಂದೊಂದನ್ನೇ ಬೆರಳಿನ ಹಿಂಭಾಗದಿಂದ ಮುಟ್ಟಿ. ಪಿಎಲ್‌ಎ, ಸಿಡ್ ಬಿಸಿಯಾಗುವುದು ಮಾಮೂಲು. ರ‍್ಯಾಮ್‌ನಲ್ಲಿ ಒಂದೇ ಒಂದು ಸುಡುತ್ತಿದ್ದರೆ ಅನುಮಾನ ಅದರ ಮೇಲೆ.

ಹಳೇಕೀಲಿಮಣೆ: ಏಳು ಉಗುರುಬೆಚ್ಚಗಿವೆ. ಎಡದಿಂದ ಮೂರನೇದರ ಮೇಲೆ ಬೆರಳು ಇಡಲಾಗಲಿಲ್ಲ.

ಬೆಸುಗೆಗಾರ: ಅದರ ಬೆನ್ನ ಮೇಲೆ ಒಳ್ಳೆಯ ಚಿಪ್ ಒತ್ತಿ ಕೂರಿಸಿ ಆನ್ ಮಾಡಿ. ಬೆಸುಗೆ ಬೇಡ, ತಕ್ಷಣ ತಿಳಿಯುತ್ತದೆ.

ತಾಮ್ರದಗೆರೆ: ಅಷ್ಟು ಸುಡುತ್ತಿದ್ದರೆ ಒಳಗೇ ಶಾರ್ಟ್ ಆಗಿರಬಹುದು. ಆಗ ಮೇಲಿನ ಚಿಪ್ ಎಷ್ಟೇ ಒಳ್ಳೆಯದಿದ್ದರೂ ಏನೂ ಗೊತ್ತಾಗುವುದಿಲ್ಲ. ಕತ್ತರಿಸಿ ತೆಗೆಯಿರಿ. ಕಾಲುಗಳನ್ನು ಮೈಗೆ ಹತ್ತಿರ ಕತ್ತರಿಸಿ, ಆಮೇಲೆ ಒಂದೊಂದು ಕಾಲನ್ನೇ ಬಿಸಿ ಮಾಡಿ ಇಕ್ಕಳದಿಂದ ಎಳೆಯಿರಿ. ಬರದಿದ್ದರೆ ಜಗ್ಗಬೇಡಿ, ಹೊಸ ಬೆಸುಗೆ ಸ್ವಲ್ಪ ತಾಗಿಸಿ ಮತ್ತೆ ಬಿಸಿ ಮಾಡಿ. ಆ ಜಾಗಕ್ಕೆ ಸಾಕೆಟ್ ಹಾಕಿ. ಚಿಪ್ ಇನ್ನೊಂದು ಸಿಗುತ್ತದೆ, ಬೋರ್ಡ್ ಸಿಗುವುದು ಕಷ್ಟ.

ಹಳೇಕೀಲಿಮಣೆ: ಕತ್ತರಿಸಿದೆ. ಹದಿನಾರು ಕಾಲಿಗೆ ಒಂದೂವರೆ ಗಂಟೆ ಹಿಡಿಯಿತು, ಒಂದು ಪ್ಯಾಡ್ ಕೂಡ ಏಳಲಿಲ್ಲ. ಸಾಕೆಟ್‌ನಲ್ಲಿ ಹೊಸ ಚಿಪ್ ಕೂರಿಸಿ ಆನ್ ಮಾಡಿದೆ. ನೀಲಿ ಪರದೆ, 38911 ಬೈಟ್ಸ್ ಫ್ರೀ, ಕರ್ಸರ್ ಮಿನುಗುತ್ತಿದೆ! ಪಿಎಲ್‌ಎ ಹಳೆಯದೇ ಇದೆ.

ಬೆಸುಗೆಗಾರ: ತುಂಬಾ ಖುಷಿ ಆಯ್ತು. ಕಪಾಟಿನಲ್ಲಿ ನನ್ನವೂ ಎರಡು ಅಡಾಪ್ಟರ್ ಇವೆ, ಈಗಲೇ ಮೀಟರ್ ತರುತ್ತೇನೆ.