ಗ್ರಾಮಸಭೆ ಠರಾವಿನಲ್ಲಿ ವಿಶ್ವಸಂಸ್ಥೆಯ ಘೋಷಣೆ ಬರೆದರೆ ಬಲ ಬರುತ್ತದಾ?

ಕಾಳಿ ಕಣಿವೆ (ಜೋಯಿಡಾ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಜೋಯಿಡಾದ ಕುಣಬಿ ಸಮುದಾಯದ ಹುಡುಗಿ, ಕಾರವಾರದಲ್ಲಿ ಡಿಗ್ರಿ ಓದುತ್ತಿದ್ದೇನೆ. ಅಜ್ಜ ಹಾಕಿದ್ದ ಅರಣ್ಯ ಹಕ್ಕಿನ ಅರ್ಜಿಯನ್ನು ಉಪವಿಭಾಗ ಮಟ್ಟದಲ್ಲಿ ತಿರಸ್ಕರಿಸಿದ್ದಾರೆ. ಕಾರಣ ಒಂದೇ ಸಾಲು: 75 ವರ್ಷದ ದಾಖಲೆ ಇಲ್ಲ.

ಅಜ್ಜ ಹುಟ್ಟಿದ್ದೇ ಆ ಮನೆಯಲ್ಲಿ. ಹಿತ್ತಲಲ್ಲಿ ಗೆಡ್ಡೆಗೆಣಸು, ಕೆಳಗೆ ಗದ್ದೆ, ಮೇಲೆ ದೇವರ ಕಾಡು. ಹಿರಿಯರು ಕುಮರಿ (ಕಾಡು ಕಡಿದು ಸುಟ್ಟು, ಜಾಗ ಬದಲಿಸುತ್ತಾ ಮಾಡುವ ಬೇಸಾಯ) ಮಾಡುತ್ತಿದ್ದ ಜಾಗವನ್ನೂ ಅಜ್ಜ ತೋರಿಸುತ್ತಾರೆ. ಇಷ್ಟಾದರೂ ನಾವು ಅತಿಕ್ರಮಣದಾರರಂತೆ!

ಕಾಲೇಜಿನಲ್ಲಿ ಆದಿವಾಸಿ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆ ಓದಿದೆ. 3ನೇ ವಿಧಿಯಲ್ಲಿ ಸ್ವಯಂ ನಿರ್ಣಯದ ಹಕ್ಕು ಇದೆ. 144 ದೇಶಗಳು ಪರ, 4 ವಿರೋಧ. ಭಾರತ ಪರವಾಗಿಯೇ ಮತ ಹಾಕಿದೆ. ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡೋಣ ಅಂತ ಊರಿನವರು ಹೇಳುತ್ತಿದ್ದಾರೆ, ಬರೆಯುವ ಕೆಲಸ ನನಗೆ ಬಿದ್ದಿದೆ. ಈ ಘೋಷಣೆ ಅದರಲ್ಲಿ ಹಾಕಲಾ, ಅಥವಾ ಸುಮ್ನೆ ದೊಡ್ಡ ಮಾತಾಗುತ್ತದಾ?

ಶಿರಸಿ ಪೇಟೆ:

ತಂಗೀ, ಮೊದಲು ಒಂದು ಹೇಳು. ತಿರಸ್ಕಾರದ ಪತ್ರ ಕೈಗೆ ಬಂದ ತಾರೀಖು ಯಾವುದು? ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ ಮಾತ್ರ ಇರುತ್ತದೆ. ಠರಾವಿನ ಗಡಿಬಿಡಿಯಲ್ಲಿ ಅದು ತಪ್ಪಿಹೋಗಬಾರದು.

ನಾನು ಈ ಅರ್ಜಿಗಳನ್ನು ತುಂಬಿಕೊಡುತ್ತಾ ಬಂದವನು. 75 ವರ್ಷದ ಹೆಸರಿನಲ್ಲಿ ಜನರನ್ನು ಹೆದರಿಸಿದಷ್ಟು ಬೇರೆ ಯಾವುದರಲ್ಲೂ ಹೆದರಿಸಿಲ್ಲ. ಅರಣ್ಯ ಹಕ್ಕು ಕಾಯ್ದೆ ಕೇಳುವುದು 75 ವರ್ಷ ಹಳೆಯ ಕಾಗದವನ್ನಲ್ಲ. 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು (ಅದೇ 75 ವರ್ಷದ ಲೆಕ್ಕ) ಆ ಕಾಡಿನಲ್ಲಿ ಬಾಳಿದ್ದರು ಅನ್ನುವುದಕ್ಕೆ ಪುರಾವೆ ಕೇಳುತ್ತದೆ. ಪುರಾವೆ ಅಂದರೆ ಏನೇನು ಅಂತ ಆ ಕಾಯ್ದೆಯ 13ನೇ ನಿಯಮದಲ್ಲಿದೆ: ಮನೆ, ಬಾವಿ, ಸ್ಮಶಾನ, ದೇವರ ಜಾಗ, ಹಿರಿಯರ ಹೇಳಿಕೆ. ಇಂಥದ್ದೇ ಕಾಗದ ಬೇಕು ಅಂತ ಹಟ ಹಿಡಿಯಬಾರದು ಅಂತ 2012ರ ತಿದ್ದುಪಡಿ ಹೇಳುತ್ತದೆ. ನೀನು ಮೇಲೆ ಬರೆದೆಯಲ್ಲ, ದೇವರ ಕಾಡು, ಕುಮರಿ ಜಾಗ, ಅದೇ ಪುರಾವೆ. ಪಂಚನಾಮೆ ಮಾಡಿಸಿ, ಫೋಟೋ ತೆಗೆದು, ಅರಣ್ಯ ಹಕ್ಕು ಸಮಿತಿಯ ಸಹಿ ಹಾಕಿಸಿ.

ಇನ್ನು ನಿನ್ನ ಪ್ರಶ್ನೆ. ಘೋಷಣೆ ಬರೆ, ಆದರೆ ಕೊನೆಯಲ್ಲಿ. ಅದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯ, ದೇಶಗಳನ್ನು ಕಟ್ಟಿಹಾಕುವ ಒಪ್ಪಂದವಲ್ಲ. ಮತ ಹಾಕುವಾಗಲೇ ಭಾರತ ತನ್ನ ನಿಲುವು ಹೇಳಿದೆ: ಸ್ವಯಂ ನಿರ್ಣಯ ಅನ್ನುವುದು ಪರದೇಶದ ಆಳ್ವಿಕೆಯಲ್ಲಿ ಇರುವವರಿಗೆ ಮಾತ್ರ ಅಂತ. ಅದಕ್ಕಿಂತ ಗಟ್ಟಿಯಾದದ್ದು ಐಎಲ್‌ಒದ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) 107ನೇ ಒಡಂಬಡಿಕೆ. 1957ರದ್ದು. ಭಾರತ 1958ರಲ್ಲಿ ಅದನ್ನು ಅಂಗೀಕರಿಸಿದೆ. ಬುಡಕಟ್ಟು ಜನ ಪರಂಪರೆಯಿಂದ ಇರುವ ಭೂಮಿಯ ಒಡೆತನವನ್ನು ಒಪ್ಪಬೇಕು ಅಂತ ಅದರ 11ನೇ ವಿಧಿ. ಆ ಒಡಂಬಡಿಕೆಗೆ ದೋಷವೂ ಇದೆ. ಬುಡಕಟ್ಟುಗಳನ್ನು ಉಳಿದವರೊಳಗೆ ಕರಗಿಸಬೇಕು ಅನ್ನುವ ಕಾಲದ್ದು ಅದು. 1989ರ 169ನೇ ಒಡಂಬಡಿಕೆ ಅದನ್ನು ತಿದ್ದಿತು, ಆದರೆ ಭಾರತ ಅದಕ್ಕೆ ಸೇರಲಿಲ್ಲ. ಇರಲಿ. ಒಡಿಶಾದ ನಿಯಮಗಿರಿ ಬೆಟ್ಟದ ಗಣಿ ಕುರಿತ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 107ನ್ನು ಎತ್ತಿ ಹೇಳಿದೆ. ಗಣಿ ಬೇಕೋ ಬೇಡವೋ ಅನ್ನುವುದನ್ನು ಗ್ರಾಮಸಭೆಗಳ ಮುಂದೆ ಇಟ್ಟಿತು. ಅಲ್ಲಿನ 12 ಗ್ರಾಮಸಭೆಗಳೂ ಬೇಡ ಅಂದವು. ಆ ಗಣಿ ನಡೆಯಲಿಲ್ಲ.

ಬೇಲೇಕೇರಿ ಕಡೆ:

ಶಿರಸಿ ಅಣ್ಣ ಹೇಳಿದ್ದು ಸರಿ, ಆದರೆ ನನಗೆ ಅಷ್ಟೇ ಸಾಕಾಗುವುದಿಲ್ಲ. ನಾನು ಹಾಲಕ್ಕಿ ಸಮುದಾಯದವನು. ಈ 75 ವರ್ಷ ನಮ್ಮ ಕುತ್ತಿಗೆಗೆ ಬಿದ್ದಿದ್ದೇ ನಾವು ಎಸ್‌ಟಿ ಪಟ್ಟಿಯಲ್ಲಿ ಇಲ್ಲದ್ದಕ್ಕೆ. ಪಟ್ಟಿಯಲ್ಲಿ ಇದ್ದವರಿಗೆ ಅದು ಬೇಡ. ಗೋವಾದ ಕುಣಬಿಗಳು 2003ರಿಂದ ಎಸ್‌ಟಿ. ಜೋಯಿಡಾದ ಕುಣಬಿಗಳು ಇನ್ನೂ ಅಲ್ಲ. ಅದೇ ಜನ, ಅದೇ ಕೊಂಕಣಿ ಮಾತು, ನಡುವೆ ಒಂದು ಗಡಿ. ನಮ್ಮ ಸುಕ್ರಿ ಬೊಮ್ಮಗೌಡರಿಗೆ, ತುಳಸಿ ಗೌಡರಿಗೆ ಪದ್ಮಶ್ರೀ ಕೊಟ್ಟರು. ಇಬ್ಬರೂ ತೀರಿಕೊಂಡರು, ಎಸ್‌ಟಿ ಬೇಡಿಕೆ ಹಾಗೇ ಇದೆ.

ತಂಗಿ, ಅದೇ ಘೋಷಣೆಯ 33ನೇ ವಿಧಿ ಓದು. ತಾವು ಯಾರು ಅಂತ ಹೇಳುವ ಹಕ್ಕು ಆ ಜನರದ್ದೇ ಅಂತ ಇದೆ. ನನಗೆ ಮುಖ್ಯ ಅನ್ನಿಸುವುದು ಅದು. ಅದನ್ನು ಠರಾವಿನಲ್ಲಿ ದಪ್ಪ ಅಕ್ಷರದಲ್ಲಿ ಬರೆ. ಕಾನೂನಿಗೆ ನಿಲ್ಲಲಿ, ಬಿಡಲಿ. ಊರಿನ ಪುಸ್ತಕದಲ್ಲಿ ಇರಲಿ.

ಯಲ್ಲಾಪುರ ಸಿದ್ದಿ:

ನಮಗೆ 2003ರಲ್ಲಿ ಎಸ್‌ಟಿ ಸಿಕ್ಕಿತು. ಅದರಿಂದ ದಾರಿ ಸುಲಭವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾಡಿನ ಬಗ್ಗೆ ನಮ್ಮನ್ನು ಕೇಳಿ ತೀರ್ಮಾನ ಮಾಡುತ್ತಾರೆ ಅಂತಲ್ಲ. ಬಹಳ ಜನ ಎರಡು ಎಕರೆಯ ಪಟ್ಟಾಕ್ಕೇ ನಿಂತುಬಿಡುತ್ತಾರೆ. ಜೇನು, ಉಪ್ಪಾಗೆ, ಬೆತ್ತ ತರುವ ಕಾಡು ಯಾರದ್ದು? ಅದಕ್ಕೆ ಊರು ಒಟ್ಟಾಗಿ ನಮೂನೆ ಸಿ (ಸಾಮುದಾಯಿಕ ಅರಣ್ಯ ಸಂಪನ್ಮೂಲ ಹಕ್ಕಿನ ಅರ್ಜಿ) ಹಾಕಬೇಕು.

ನಿಮ್ಮದು ಜೋಯಿಡಾ ಆದ್ದರಿಂದ ಇನ್ನೊಂದು ಮಾತು. ಅಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ. ಗ್ರಾಮಸಭೆಯ ಲಿಖಿತ ಒಪ್ಪಿಗೆ ಇಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ ಅಂತ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(2) ಹೇಳುತ್ತದೆ. ಘೋಷಣೆಯ 10ನೇ ವಿಧಿಯದ್ದೂ ಅದೇ ಮಾತು. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ (ಬುಡಕಟ್ಟು ಪ್ರದೇಶಗಳ ಪಟ್ಟಿಯ) ಪ್ರದೇಶವೇ ಇಲ್ಲ, ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಕಾಯ್ದೆ ನಮಗೆ ಸಿಗುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ಈ ಗ್ರಾಮಸಭೆ ಒಂದೇ. ಆ 4(2)ನ್ನೂ 10ನೇ ವಿಧಿಯನ್ನೂ ಅಕ್ಕಪಕ್ಕ ಇಟ್ಟು ಠರಾವು ಬರೆಯಿರಿ.

ಕಾಳಿ ಕಣಿವೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪತ್ರ ಬಂದಿದ್ದು ಕಳೆದ ತಿಂಗಳ ಕೊನೆಗೆ, ಅವಧಿ ಇನ್ನೂ ಇದೆ. ನಾಳೆಯೇ ಊರಿಗೆ ಹೋಗುತ್ತೇನೆ. ಒಂದು ಸಂಶಯ: ಹಿರಿಯರ ಹೇಳಿಕೆಯನ್ನು ಅಜ್ಜನೇ ಕೊಡಬಹುದಾ?

ಶಿರಸಿ ಪೇಟೆ:

ಆಗುವುದಿಲ್ಲ ತಂಗೀ. ಅರ್ಜಿದಾರರನ್ನು ಬಿಟ್ಟು ಬೇರೆ ಹಿರಿಯರೇ ಹೇಳಬೇಕು. ಅಜ್ಜನ ಓರಗೆಯವರು ಪಕ್ಕದ ಊರಿನಲ್ಲಿ ಇದ್ದರೆ ಅವರಿಂದ ಬರೆಸು. ಕೊಂಕಣಿಯಲ್ಲೇ ಮಾತಾಡಲಿ, ನೀನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೋ. ಹೇಳಿಕೆ ಒಂದೇ ಇದ್ದರೆ ಸಾಲದು, ಸ್ಥಳದ ಪುರಾವೆಯೂ ಜೊತೆಗಿರಲಿ.