ವಿಟಮಿನ್ ಮಾತ್ರೆಯಿಂದ ಲಕ್ವ ತಪ್ಪುತ್ತದೆಯೇ?

ಪ್ರಶ್ನೆ: ಅಪ್ಪನಿಗೆ 66 ವರ್ಷ. ಬಿಪಿ, ಶುಗರ್ ಎರಡೂ ಇದೆ. ಮೆಟ್‌ಫಾರ್ಮಿನ್, ಆಸ್ಪಿರಿನ್ ನಡೀತಿದೆ. ಲಕ್ವ ಹೊಡೆಯಬಾರದು ಅಂತ ಡಾಕ್ಟರನ್ನು ಕೇಳದೆಯೇ ವಿಟಮಿನ್ ಇ 400, ಬಿ ಕಾಂಪ್ಲೆಕ್ಸ್, ವಿಟಮಿನ್ ಡಿ ಶುರು ಮಾಡಿದ್ದಾರೆ. ಇದರಲ್ಲಿ ನಿಜ ಎಷ್ಟು? ತಿಳಿದವರು ಹೇಳಿ.

ಉತ್ತರ 1: ಮೊದಲು ವಿಟಮಿನ್ ಇ ನಿಲ್ಲಿಸಿ. ಲಕ್ವ ಎರಡು ಥರ: ಮೆದುಳಿನ ರಕ್ತನಾಳ ಕಟ್ಟಿಕೊಂಡು ಬರುವುದು, ಒಡೆದು ಬರುವುದು. ಒಂಬತ್ತು ಪ್ರಯೋಗಗಳಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು 2010ರಲ್ಲಿ ಕೂಡಿಸಿ ನೋಡಿದಾಗ, ಇ ನುಂಗಿದವರಲ್ಲಿ ಮೊದಲನೆಯದು ಶೇ. 10 ಕಡಿಮೆ, ಎರಡನೆಯದು ಶೇ. 22 ಹೆಚ್ಚು. ಒಡೆಯುವುದು ಅಪರೂಪವೇ, ಆದರೆ ಒಡೆದರೆ ಜೀವಕ್ಕೇ ಕುತ್ತು. ಆಸ್ಪಿರಿನ್ ರಕ್ತವನ್ನು ಬೇಗ ಹೆಪ್ಪುಗಟ್ಟಲು ಬಿಡುವುದಿಲ್ಲ. ಡೋಸ್ ಹೆಚ್ಚಾದರೆ ಇ ಕೂಡ ಅದನ್ನೇ ಮಾಡುತ್ತದೆ. ಹಾಗಂತ ಡಾಕ್ಟರ್ ಬರೆದ ಆಸ್ಪಿರಿನ್ ಬಿಡಿಸಬೇಡಿ. ಬೇರೆ ಮಾತ್ರೆಗಳ ಸ್ಟ್ರಿಪ್ಪನ್ನೂ ತಿರುಗಿಸಿ ನೋಡಿ: ‘ಟೋಕೋಫೆರಿಲ್ ಅಸಿಟೇಟ್’ ಅಂತಿದ್ದರೆ ಅದೂ ಇ. ದಿನಕ್ಕೆ ಬೇಕಾದ್ದು 15 ಮಿ.ಗ್ರಾಂ ಅಷ್ಟೇ.

ಉತ್ತರ 2: ಇ ಬಗ್ಗೆ ಹೇಳಿದ್ದು ಸರಿ. ಆದರೆ ಬಿ ಗುಂಪನ್ನು ಸಾರಾಸಗಟಾಗಿ ತಳ್ಳಿಹಾಕಬೇಡಿ, ಅದರಲ್ಲಿನ ಫೋಲಿಕ್ ಆಸಿಡ್‌ಗೆ (ಬಿ9) ಸ್ವಲ್ಪ ಆಧಾರವಿದೆ. ಚೀನಾದಲ್ಲಿ ಬಿಪಿ ಇದ್ದ 20,702 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಬಿಪಿ ಮಾತ್ರೆ ಎನಲಾಪ್ರಿಲ್ 10 ಮಿ.ಗ್ರಾಂ ಮಾತ್ರ ತಗೊಂಡವರಲ್ಲಿ ಶೇ. 3.4 ಜನರಿಗೆ ಲಕ್ವ ಬಂತು. ಅದರ ಜೊತೆ ಫೋಲಿಕ್ ಆಸಿಡ್ 0.8 ಮಿ.ಗ್ರಾಂ ಸೇರಿಸಿದವರಲ್ಲಿ ಶೇ. 2.7. ಅಂದರೆ ಸಾವಿರಕ್ಕೆ ಏಳು ಜನ ಪಾರು. ಅಲ್ಲಿ ಹಿಟ್ಟಿಗೆ ಫೋಲಿಕ್ ಆಸಿಡ್ ಬೆರೆಸುತ್ತಿರಲಿಲ್ಲ, ಹಾಗಾಗಿ ಆ ಲಾಭ ಎಲ್ಲರಿಗೂ ಅಷ್ಟೇ ಸಿಗುತ್ತದೆ ಅನ್ನುವಂತಿಲ್ಲ.

ಶುರು ಮಾಡುವ ಮೊದಲು ಎರಡು ರಕ್ತಪರೀಕ್ಷೆ ಆಗಲಿ. ಒಂದು ಬಿ12: ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಅದು ಇಳಿಯುತ್ತದೆ. ಆಗ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಂಡು, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. ಪಾದ ಜೋಮು ಹಿಡಿಯುವುದನ್ನು ಶುಗರ್ ಮೇಲೆ ಹಾಕಿ ಸುಮ್ಮನಾಗಬೇಡಿ. ಇನ್ನೊಂದು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್: ಶುಗರ್‌ನಿಂದ ಕಿಡ್ನಿ ಕೆಟ್ಟವರಿಗೆ ಫೋಲಿಕ್ 2.5 ಮಿ.ಗ್ರಾಂ, ಬಿ6 25 ಮಿ.ಗ್ರಾಂ, ಬಿ12 1 ಮಿ.ಗ್ರಾಂ ಕೊಟ್ಟ ಪ್ರಯೋಗದಲ್ಲಿ ಕಿಡ್ನಿ ಇನ್ನೂ ಬೇಗ ಕುಗ್ಗಿತು, ಹೃದಯಾಘಾತ, ಲಕ್ವದಂಥವೂ ಹೆಚ್ಚಾದವು.

ಉತ್ತರ 3: ಡಿ ಮೂಳೆಗೆ. 25,871 ಜನರ ಪ್ರಯೋಗದಲ್ಲಿ ದಿನಕ್ಕೆ 2000 ಐಯು ಕೊಟ್ಟರೂ ಲಕ್ವ ಕಡಿಮೆಯಾಗಲಿಲ್ಲ. ಕೊರತೆ ಇದ್ದರೆ ತಗೊಳ್ಳಲಿ. ವಾರಕ್ಕೊಂದು ಅಂತ ಕೊಟ್ಟಿದ್ದನ್ನು ದಿನಾ ನುಂಗಿದರೆ ಕ್ಯಾಲ್ಸಿಯಂ ಏರುತ್ತದೆ.

ಉತ್ತರ 4: ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ಳುವವರು ಇದನ್ನು ಓದುತ್ತಿದ್ದರೆ: ಕೆಲವು ಮಲ್ಟಿವಿಟಮಿನ್‌ಗಳಲ್ಲಿ ವಿಟಮಿನ್ ಕೆ ಇರುತ್ತದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಅಂಕಿ) ಇಳಿದುಬಿಡುತ್ತದೆ, ಅಂದರೆ ವಾರ್ಫರಿನ್ ಕೆಲಸ ಕುಗ್ಗುತ್ತದೆ. ಹೇಳದೆ ಕೇಳದೆ ಶುರು ಮಾಡಲೂಬೇಡಿ, ನಿಲ್ಲಿಸಲೂಬೇಡಿ.

ಅಪ್ಪನವರ ವಿಷಯಕ್ಕೆ ಬಂದರೆ, ಬಿಪಿಯ ಮೇಲಿನ ಅಂಕಿ 10 ಇಳಿದರೆ ಲಕ್ವದ ಅಪಾಯ ಸುಮಾರು ಕಾಲು ಭಾಗ ಇಳಿಯುತ್ತದೆ. ಯಾವ ವಿಟಮಿನ್ನೂ ಇಷ್ಟು ಕೊಡುವುದಿಲ್ಲ. ಐದು ನಿಮಿಷ ಒರಗಿ ಕೂರಿಸಿ, ತೋಳಿನ ಪಟ್ಟಿ ಎದೆಯ ಮಟ್ಟಕ್ಕಿರಲಿ, ಮಾತಾಡಿಸಬೇಡಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಬಿಪಿ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ, ಒಂದು ವಾರ ಬರೆದಿಟ್ಟು, ಆ ಚೀಟಿಯನ್ನೂ ಎಲ್ಲಾ ಸ್ಟ್ರಿಪ್ಪುಗಳನ್ನೂ ಡಾಕ್ಟರ ಮುಂದಿಡಿ.